ವಿಮಾನದಲ್ಲಿ ಫೋನು, ಇಂಟರ್ನೆಟ್ಟು: ಬಜ್ಪೆಯಿಂದ ಹೊರಡುವವರಿಗೆ

ಹೋದ ವರ್ಷ ತಂಗಿಯ ಬಾಣಂತನಕ್ಕೆ ಅಮ್ಮ ಒಬ್ಬರೇ ದುಬೈಗೆ ಹೊರಟರು. ಅದೇ ಮೊದಲ ವಿಮಾನ ಪ್ರಯಾಣ. ಉಡುಪಿಯಿಂದ ಕಾರು ಹತ್ತಿ, ಕಿನ್ನಿಗೋಳಿ ದಾರಿಯಾಗಿ ಹೋಗಿ, ಕಟೀಲಿನಲ್ಲಿ ಇಳಿದು ಕೈ ಮುಗಿದು, ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣ ಮುಟ್ಟುವವರೆಗೂ ನಮ್ಮ ಮಾತೆಲ್ಲ ಲಗೇಜಿನದ್ದೇ. ಬಾಣಂತಿ ಮದ್ದಿನ ಡಬ್ಬಿ ಒಡೆಯಬಾರದು, ಕುಚ್ಚಲಕ್ಕಿ ಎಷ್ಟು ಕೆಜಿ ಆಯ್ತು, ಹಪ್ಪಳ ಯಾವ ಚೀಲದಲ್ಲಿದೆ. ಫೋನಿನ ಬಗ್ಗೆ ಏರ್‌ಪೋರ್ಟ್ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದೆ: "ಒಳಗೆ ಕೂತ ಮೇಲೆ ಈ ವಿಮಾನದ ಚಿತ್ರ ಒತ್ತಬೇಕು ಅಮ್ಮ." ಅವರು ಸರಿಯಾಗಿಯೇ ಒತ್ತಿದರು. ಇಳಿದ ಮೇಲೆ ಅದನ್ನು ಇನ್ನೊಮ್ಮೆ ಒತ್ತಬೇಕು ಅಂತ ನಾನು ಹೇಳಿರಲಿಲ್ಲ.

ದುಬೈಯಲ್ಲಿ ಭಾವ ಹೊರಗೆ ಕಾಯುತ್ತಿದ್ದರು. ಫೋನ್ ಮಾಡಿದರೆ ಸ್ವಿಚ್ ಆಫ್. ಕಾಲು ಗಂಟೆ, ಅರ್ಧ ಗಂಟೆ, ಮುಕ್ಕಾಲು ಗಂಟೆ. ತುಂಬು ಗರ್ಭಿಣಿ ತಂಗಿ ಮನೆಯಲ್ಲಿ ಕೂತು ಅಳುತ್ತಿದ್ದಳು. ನಾನಿಲ್ಲಿ ಉಡುಪಿಯಲ್ಲಿ ಒಳಗೆ ಹೊರಗೆ ಓಡಾಡುತ್ತಿದ್ದೆ. ಅಮ್ಮ ಅಲ್ಲಿ ಲಗೇಜ್ ಬರುವ ಜಾಗದಲ್ಲಿ ನಿಂತು, ಫೋನು ಯಾರಿಗೂ ಹೋಗುತ್ತಿಲ್ಲ ಅಂತ ಕಂಗಾಲಾಗಿದ್ದರಂತೆ. ಕೊನೆಗೆ ಅದೇ ವಿಮಾನದಲ್ಲಿ ಬಂದಿದ್ದ ಸುರತ್ಕಲ್ ಕಡೆಯ ಹುಡುಗನೊಬ್ಬ ತುಳುವಿನಲ್ಲಿ ಮಾತಾಡಿಸಿ, ಫೋನ್ ತೆಗೆದುಕೊಂಡು, ಆ ಚಿತ್ರ ಒತ್ತಿಕೊಟ್ಟ. ಮರುಕ್ಷಣ ಭಾವನ ಕರೆ ಬಂತು.

ಆಮೇಲಿಂದ ನಮ್ಮ ನೆಂಟರಲ್ಲಿ, ನೆರೆಕರೆಯಲ್ಲಿ ಯಾರು ವಿಮಾನ ಹತ್ತುವವರಿದ್ದರೂ ನಾನು ಹೋಗಿ ಹತ್ತಿರ ಕೂತು ಫೋನಿನ ವಿಷಯ ಹೇಳಿಕೊಡುತ್ತೇನೆ. ಅದನ್ನೇ ಇಲ್ಲಿ ಬರೆದಿದ್ದೇನೆ. ನಾನು ಎಲ್ಲರಿಗೂ ಮೊದಲು ಹೇಳುವುದು ಇಷ್ಟು: ಮೇಲೆ ನೆಟ್ ಸಿಕ್ಕರೆ ಸಿಗಲಿ, ಅದನ್ನು ನಂಬಿಕೊಂಡು ಮನೆ ಬಿಡಬೇಡಿ. ನೆಟ್ ಬೇಕಾದ ಕೆಲಸವನ್ನೆಲ್ಲ ಮನೆಯಲ್ಲೇ ಮುಗಿಸಿಕೊಳ್ಳಿ.

ನಿಮ್ಮ ವಿಮಾನದಲ್ಲಿ ನೆಟ್ ಇದೆಯಾ?

ಬಜ್ಪೆಯಿಂದ ಬೆಂಗಳೂರಿಗೆ ಸುಮಾರು ಒಂದು ಗಂಟೆ, ಮುಂಬೈಗೆ ಒಂದೂವರೆ ಗಂಟೆ, ದುಬೈಗೆ ಮೂರೂವರೆ ಗಂಟೆಯ ಮೇಲೆ. ಈ ದಾರಿಗಳಲ್ಲಿ ಹಾರುವುದು ಹೆಚ್ಚಾಗಿ ಕಡಿಮೆ ದರದ ಕಂಪನಿಗಳ ಸಣ್ಣ ವಿಮಾನಗಳು. ಇಂಟರ್ನೆಟ್ ಇಲ್ಲ ಅಂತಲೇ ಲೆಕ್ಕ ಹಾಕಿ ಹೊರಡುವುದು ಒಳ್ಳೆಯದು.

ದೇಶದೊಳಗಿನ ವಿಮಾನಗಳಲ್ಲಿ ವೈಫೈ ಇಂಟರ್ನೆಟ್ ಕೊಡಲು ಮೊದಲು ಶುರು ಮಾಡಿದ್ದು ಏರ್ ಇಂಡಿಯಾ, 2025ರ ಜನವರಿ 1ರಂದು. ಅದೂ ಎಲ್ಲ ವಿಮಾನದಲ್ಲಿ ಅಲ್ಲ. ಏರ್‌ಬಸ್ ಎ350, ಬೋಯಿಂಗ್ 787-9 ಮತ್ತು ಕೆಲವು ಎ321 ನಿಯೋ ವಿಮಾನಗಳಲ್ಲಿ ಮಾತ್ರ. ಮುಂಬೈಯಲ್ಲೋ ಬೆಂಗಳೂರಲ್ಲೋ ಇಳಿದು ಲಂಡನ್, ಅಮೆರಿಕದ ದೊಡ್ಡ ವಿಮಾನ ಹತ್ತುವವರಿಗೆ ನೆಟ್ ಸಿಗುವ ಸಾಧ್ಯತೆ ಜಾಸ್ತಿ. ಎಮಿರೇಟ್ಸ್, ಕತಾರ್ ಏರ್‌ವೇಸ್‌ನಂಥ ಕಂಪನಿಗಳಲ್ಲಿ ಇದು ಹಳೆಯ ಸೌಲಭ್ಯ. ಟಿಕೆಟ್ ಮಾಡುವಾಗ ಕಂಪನಿಯ ವೆಬ್‌ಸೈಟಿನಲ್ಲಿ ವಿಮಾನದ ಮಾದರಿ ಯಾವುದು ಅಂತ ಬರೆದಿರುತ್ತದೆ. ಅದನ್ನು ನೋಡಿಕೊಂಡರೆ ಗೊತ್ತಾಗುತ್ತದೆ.

ಇಲ್ಲೊಂದು ಕಡೆ ಬಹಳ ಜನ ಎಡವುತ್ತಾರೆ. ಕೆಲವು ವಿಮಾನಗಳಲ್ಲಿ ವೈಫೈ ಇರುತ್ತದೆ, ಇಂಟರ್ನೆಟ್ ಇರುವುದಿಲ್ಲ. ವಿಮಾನದೊಳಗೇ ಒಂದು ಪೆಟ್ಟಿಗೆಯಲ್ಲಿ ಸಿನಿಮಾ, ಹಾಡು, ಊಟದ ಮೆನು ತುಂಬಿಸಿಟ್ಟಿರುತ್ತಾರೆ. ಫೋನನ್ನು ಆ ವೈಫೈಗೆ ಜೋಡಿಸಿದರೆ ಅಷ್ಟನ್ನು ನೋಡಬಹುದು. ಫೋನಿನ ಮೇಲ್ಗಡೆ ವೈಫೈ ಗುರುತು ಬರುತ್ತದೆ, ವಾಟ್ಸಾಪ್ ಮಾತ್ರ ಗರಗರ ತಿರುಗುತ್ತಲೇ ಇರುತ್ತದೆ. ಅದು ಫೋನಿನ ತಪ್ಪಲ್ಲ. ಸಿಬ್ಬಂದಿಯನ್ನು ನಾಲ್ಕು ಸಲ ಕರೆದು ಕೇಳಿದರೂ ಅವರು ಏನೂ ಮಾಡಲಾರರು.

ಮನೆಯಲ್ಲೇ ಮುಗಿಸುವ ಕೆಲಸ

ಹೊರಡುವ ಹಿಂದಿನ ರಾತ್ರಿ ಅರ್ಧ ಗಂಟೆ ಇದಕ್ಕೆ ಇಡಿ.

ಬೋರ್ಡಿಂಗ್ ಪಾಸನ್ನು ಸ್ಕ್ರೀನ್‌ಶಾಟ್ ತೆಗೆದು ಗ್ಯಾಲರಿಯಲ್ಲಿ ಇಟ್ಟುಕೊಳ್ಳಿ. ಆ್ಯಪ್ ಒಳಗಿದ್ದರೆ ಸಾಲದು, ಲೈನಿನಲ್ಲಿ ನಿಂತಾಗಲೇ ಅದು ಲಾಗಿನ್ ಕೇಳುತ್ತದೆ. ದೊಡ್ಡವರಿಗಾದರೆ ಒಂದು ಪ್ರಿಂಟ್ ಕೂಡ ಕೊಡಿ. ಅದರ ಹಿಂದೆ ದಪ್ಪ ಅಕ್ಷರದಲ್ಲಿ ಹೋಗುವ ಊರಿನ ವಿಳಾಸ ಮತ್ತು ಎರಡು ಫೋನ್ ನಂಬರ್ ಬರೆದುಕೊಡಿ, ದೇಶದ ಕೋಡ್ ಸಮೇತ. ದುಬೈ ಇರುವ ಯುಎಇ ಆದರೆ +971, ಭಾರತಕ್ಕೆ +91. ಫೋನಿನ ಚಾರ್ಜ್ ಮುಗಿದರೂ ಕಾಗದ ಕೈಯಲ್ಲಿರುತ್ತದೆ, ಯಾರ ಫೋನಿನಿಂದಲಾದರೂ ಕರೆ ಮಾಡಬಹುದು.

ನೋಡಬೇಕಾದ್ದನ್ನು, ಕೇಳಬೇಕಾದ್ದನ್ನು ಮನೆಯ ವೈಫೈಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ದುಬೈ ದಾರಿಗೆ ಒಂದು ಯಕ್ಷಗಾನ ಪ್ರಸಂಗ ಹದವಾಗಿ ಸಾಕಾಗುತ್ತದೆ. ಡೌನ್‌ಲೋಡ್ ಆದ ಮೇಲೆ ಒಮ್ಮೆ ಆ ವಿಮಾನದ ಚಿತ್ರ ಒತ್ತಿ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ, ಓಡುತ್ತದಾ ಅಂತ ಮನೆಯಲ್ಲೇ ಪರೀಕ್ಷೆ ಮಾಡಿ. ಎಷ್ಟೋ ಸಲ ಅರ್ಧ ಮಾತ್ರ ಇಳಿದಿರುತ್ತದೆ.

ಮ್ಯಾಪ್ ಕೂಡ ಹಾಗೆಯೇ. ಗೂಗಲ್ ಮ್ಯಾಪಿನಲ್ಲಿ ಒಂದು ಪ್ರದೇಶವನ್ನು ಆಯ್ದು ಆಫ್‌ಲೈನ್ ಇಟ್ಟುಕೊಳ್ಳಬಹುದು. ಜಿಪಿಎಸ್‌ಗೆ ನೆಟ್ ಬೇಡ, ಫೋನು ಉಪಗ್ರಹದ ಸಂಕೇತವನ್ನು ಸುಮ್ನೆ ಕೇಳಿಸಿಕೊಳ್ಳುತ್ತದೆ ಅಷ್ಟೇ. ಹಾಗಾಗಿ ಹೆಚ್ಚಿನ ಫೋನುಗಳಲ್ಲಿ ಫ್ಲೈಟ್ ಮೋಡಿನಲ್ಲೂ ಅದು ಕೆಲಸ ಮಾಡುತ್ತದೆ. ಬೆಂಗಳೂರಿಗೆ ಹೋಗುವಾಗ ಕಿಟಕಿ ಪಕ್ಕ ಕೂತು ಫೋನನ್ನು ಗಾಜಿಗೆ ಹತ್ತಿರ ಹಿಡಿಯಿರಿ. ನೀಲಿ ಚುಕ್ಕಿ ನೇತ್ರಾವತಿಯನ್ನು ಬಿಟ್ಟು ಘಟ್ಟ ಹತ್ತುವುದು ಕಾಣುತ್ತದೆ. ಕೆಳಗೆ ನೋಡಿದರೆ ಅದೇ ಕಾಡು, ಅದೇ ತಿರುವು. ನನಗಂತೂ ಯಾವ ಸಿನಿಮಾಕ್ಕಿಂತಲೂ ಇದೇ ಇಷ್ಟ.

ಈಗ ಒಟಿಪಿ ವಿಷಯ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಹಣ ಕೊಟ್ಟು ವೈಫೈ ತೆಗೆದುಕೊಳ್ಳುವ ವಿಮಾನವಾದರೆ ಕಾರ್ಡ್ ನಂಬರ್ ಹಾಕಬೇಕು. ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಒಟಿಪಿ ಕೇಳುತ್ತವೆ. ಒಟಿಪಿ ಬರುವುದು ಎಸ್‌ಎಂಎಸ್‌ನಲ್ಲಿ. ಫ್ಲೈಟ್ ಮೋಡಿನಲ್ಲಿ ಸಿಮ್ ಕೆಲಸ ಮಾಡುವುದಿಲ್ಲ, ಎಸ್‌ಎಂಎಸ್ ಬರುವುದಿಲ್ಲ. ಅಲ್ಲಿಗೆ ಆ ಪ್ರಯತ್ನ ನಿಂತಿತು. ಆದ್ದರಿಂದ ಪ್ಯಾಕ್ ಬೇಕಿದ್ದರೆ ಟಿಕೆಟ್ ಜೊತೆಗೋ ಹೊರಡುವ ಮೊದಲೋ ಕೊಂಡುಬಿಡಿ. ಊಟವೂ ಹಾಗೆಯೇ, ಟಿಕೆಟ್ ಮಾಡುವಾಗಲೇ ಬುಕ್ ಮಾಡಿ. ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದ ಹಾಗೆ ಮೇಲೆ ಯುಪಿಐ ಮಾಡಿದರಾಯ್ತು ಅಂದುಕೊಂಡರೆ ನೆಟ್ ಇಲ್ಲದೆ ಅದು ನಡೆಯುವುದಿಲ್ಲ.

ಪವರ್ ಬ್ಯಾಂಕನ್ನು ಕೈಚೀಲದಲ್ಲಿ ಇಡಿ, ಚೆಕ್-ಇನ್ ಲಗೇಜಿನಲ್ಲಿ ಯಾವ ಕಾರಣಕ್ಕೂ ಬೇಡ. ಅದರಲ್ಲಿ ತುಂಬುವ ಶಕ್ತಿಯ ಅಳತೆ 100 ವ್ಯಾಟ್-ಅವರ್ (Wh) ತನಕ ಇದ್ದರೆ ಸಾಮಾನ್ಯವಾಗಿ ಬಿಡುತ್ತಾರೆ. ಪವರ್ ಬ್ಯಾಂಕಿನ ಮೇಲೆ ಎಂಎಎಚ್ (mAh) ಮಾತ್ರ ಬರೆದಿದ್ದರೆ ಅದನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ. 20,000 ಎಂಎಎಚ್ ಅಂದರೆ 74 ವ್ಯಾಟ್-ಅವರ್, ತೊಂದರೆ ಇಲ್ಲ. ಅಕ್ಷರ ಅಳಿಸಿಹೋದ ಹಳೆಯ ಪವರ್ ಬ್ಯಾಂಕನ್ನು ಸೆಕ್ಯೂರಿಟಿಯಲ್ಲಿ ತೆಗೆದಿಟ್ಟುಕೊಳ್ಳಬಹುದು. ಕೊಂಡುಹೋದರೂ ವಿಮಾನದೊಳಗೆ ಅದರಿಂದ ಚಾರ್ಜ್ ಮಾಡಲು ಈಗ ಎಷ್ಟೋ ಕಂಪನಿಗಳು ಬಿಡುವುದಿಲ್ಲ. ಎಮಿರೇಟ್ಸ್ 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದೆ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಹೊರಡಲು ನಿಂತಿದ್ದ ವಿಮಾನಕ್ಕೆ ಬೆಂಕಿ ಬಿತ್ತು. ಪವರ್ ಬ್ಯಾಂಕೇ ಕಾರಣ ಇರಬಹುದು ಅಂತ ತನಿಖೆ ಮಾಡಿದವರು ಹೇಳಿದರು. ಹಾಗಾಗಿ ಮನೆಯಲ್ಲೇ ಫೋನನ್ನು ಪೂರ್ತಿ ಚಾರ್ಜ್ ಮಾಡಿಕೊಳ್ಳಿ, ಪವರ್ ಬ್ಯಾಂಕನ್ನು ತಲೆಯ ಮೇಲಿನ ಪೆಟ್ಟಿಗೆಗೆ ಹಾಕದೆ ಕಣ್ಣಿಗೆ ಕಾಣುವ ಜಾಗದಲ್ಲಿ ಇಟ್ಟುಕೊಳ್ಳಿ.

ಕೊನೆಯದಾಗಿ, ಕಳಿಸಲು ಬಂದವರಿಗೂ ಕರೆದುಕೊಳ್ಳಲು ಬರುವವರಿಗೂ ವಿಮಾನದ ನಂಬರ್ ಕೊಡಿ. ಫ್ಲೈಟ್‌ರಾಡಾರ್24ನಂಥ ಆ್ಯಪಿನಲ್ಲಿ ಆ ನಂಬರ್ ಹಾಕಿದರೆ ವಿಮಾನ ಎಲ್ಲಿದೆ, ತಡವಾಗಿದೆಯಾ ಅಂತ ಮನೆಯಲ್ಲೇ ಕೂತು ನೋಡಬಹುದು. "ಹೊರಟಿತಾ, ಎಲ್ಲಿ ಮುಟ್ಟಿತು" ಅಂತ ಹತ್ತು ಕರೆ ಬರುವುದು ತಪ್ಪುತ್ತದೆ.

ಸೀಟಿನಲ್ಲಿ ಕೂತ ಮೇಲೆ

ಮನೆಗೆ ಒಂದು ಮೆಸೇಜ್ ಹಾಕಿ: "ಕೂತೆ, ಫೋನ್ ಬಂದ್ ಮಾಡ್ತೇನೆ, ಇಳಿದು ಹೇಳ್ತೇನೆ." ಅಷ್ಟು ಸಾಕು. ಆಮೇಲೆ ಫ್ಲೈಟ್ ಮೋಡ್.

ಅದು ಯಾಕೆ ಬೇಕು ಅಂತ ತುಂಬಾ ಜನ ಕೇಳುತ್ತಾರೆ. "ನಾನೊಬ್ಬ ಹಾಕದಿದ್ದರೆ ವಿಮಾನ ಬಿದ್ದುಹೋಗ್ತದಾ?" ಬೀಳುವುದಿಲ್ಲ. ಆದರೆ ಕಾರಣ ಇದೆ. ಮೊದಲೆಲ್ಲ ರೇಡಿಯೋ ಪಕ್ಕದಲ್ಲಿ ಮೊಬೈಲ್ ಇಟ್ಟರೆ ಕರೆ ಬರುವ ಮೊದಲು ಟಿಟಿಟಿ ಟರ್ರ್ ಅಂತ ಸದ್ದು ಬರುತ್ತಿತ್ತು, ನೆನಪಿದೆಯಾ? ಅಂಥದೇ ಸದ್ದು ಪೈಲಟ್‌ನ ಕಿವಿಯಲ್ಲಿರುವ ಹೆಡ್‌ಫೋನಿಗೂ ಬರಬಹುದು. ಮಳೆಯಲ್ಲಿ ಬಜ್ಪೆಗೆ ಇಳಿಯುವಾಗ ಪೈಲಟ್‌ಗೆ ಕೆಳಗಿನವರು ಹೇಳುವ ಒಂದೊಂದು ಅಂಕಿಯೂ ಸ್ಪಷ್ಟವಾಗಿ ಕೇಳಬೇಕು. ಅದು ಒಂದು. ಇನ್ನೊಂದು, ಫೋನು ಟವರ್ ಸಿಗದೆ ಹೋದಾಗ ತನ್ನ ಶಕ್ತಿಯನ್ನೆಲ್ಲ ಹಾಕಿ ಹುಡುಕುತ್ತದೆ. ಮೇಲಿನಿಂದ ಒಂದೇ ಫೋನು ಹತ್ತಾರು ಟವರುಗಳಿಗೆ ಒಟ್ಟಿಗೆ ಕಾಣುತ್ತದೆ, ವೇಗವಾಗಿ ದಾಟುತ್ತಲೂ ಇರುತ್ತದೆ. ಕೆಳಗಿನ ನೆಟ್‌ವರ್ಕಿಗೆ ಅದು ಕಿರಿಕಿರಿ. 1991ರಲ್ಲಿ ಅಮೆರಿಕ ವಿಮಾನದಲ್ಲಿ ಮೊಬೈಲ್ ನಿಷೇಧಿಸಿದ್ದಕ್ಕೆ ಮುಖ್ಯ ಕಾರಣ ಇದೇ. ನಿಮಗಾಗುವ ನಷ್ಟ ಬ್ಯಾಟರಿಯದ್ದು. ಇಳಿಯುವ ಹೊತ್ತಿಗೆ ಫೋನು ಬಿಸಿಯಾಗಿ, ಚಾರ್ಜ್ ಅರ್ಧಕ್ಕೆ ಬಂದಿರುತ್ತದೆ.

ನಮ್ಮ ದೇಶದಲ್ಲಿ ಮೊದಲು ಫೋನನ್ನು ಪೂರ್ತಿ ಆಫ್ ಮಾಡಬೇಕಿತ್ತು. ಫ್ಲೈಟ್ ಮೋಡಿನಲ್ಲಿ ಬಳಸಬಹುದು ಅಂತ ವಿಮಾನಯಾನದ ನಿಯಮ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ಒಪ್ಪಿದ್ದು 2014ರಲ್ಲಿ. ಆಕಾಶದಲ್ಲಿ ಇಂಟರ್ನೆಟ್ ಕೊಡಲು 2018ರಲ್ಲಿ ನಿಯಮ ಬಂತು. 2020ರಲ್ಲಿ, ಪೈಲಟ್ ಅನುಮತಿ ಕೊಟ್ಟರೆ ಫ್ಲೈಟ್ ಮೋಡಿನಲ್ಲಿಟ್ಟ ಫೋನು, ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಬಳಸಬಹುದು ಅಂತಾಯಿತು. ಭಾರತದ ಆಕಾಶದಲ್ಲಿ ನೆಟ್ ಸಿಗುವುದು 3,000 ಮೀಟರ್ ದಾಟಿದ ಮೇಲೆ. ಕುದುರೆಮುಖದ ತುದಿ ಸುಮಾರು 1,890 ಮೀಟರ್. ಅದರ ಮೇಲೆ ಇನ್ನೂ ಸಾವಿರ ಮೀಟರಿಗೆ ಜಾಸ್ತಿ ಏರಬೇಕು ಅಂದುಕೊಳ್ಳಿ. ಹಾಗಾಗಿ ಹೊರಟ ಕೂಡಲೇ ವೈಫೈ ಕಾಣಲಿಲ್ಲ ಅಂತ ಚಡಪಡಿಸಬೇಡಿ.

ಸಿಬ್ಬಂದಿ ಬೆಲ್ಟ್, ಬಾಗಿಲು, ಆಕ್ಸಿಜನ್ ಮಾಸ್ಕ್ ತೋರಿಸುವಾಗ ಇಯರ್‌ಫೋನ್ ತೆಗೆಯಿರಿ. ಎಷ್ಟು ಸಲ ಹೋಗಿದ್ದರೂ ತೆಗೆಯಿರಿ. ಪಕ್ಕದಲ್ಲಿ ಇಂಗ್ಲಿಷ್, ಹಿಂದಿ ಬಾರದ ಅಜ್ಜಿ ಕೂತಿದ್ದರೆ ತುಳುವಿನಲ್ಲೋ ಕನ್ನಡದಲ್ಲೋ ಎರಡು ಮಾತು ಹೇಳಿ, ಅವರ ಫೋನನ್ನೂ ಕೇಳಿಕೊಂಡು ಫ್ಲೈಟ್ ಮೋಡಿಗೆ ಹಾಕಿಕೊಡಿ.

ಮೇಲೆ ನೆಟ್ ಸಿಕ್ಕರೆ

ಫ್ಲೈಟ್ ಮೋಡ್ ಹಾಗೇ ಇರಲಿ. ಅದರ ಮೇಲೆ ವೈಫೈ ಒಂದನ್ನು ಮಾತ್ರ ಆನ್ ಮಾಡಿ. ವಿಮಾನ ಕಂಪನಿಯ ಹೆಸರಿನ ನೆಟ್‌ವರ್ಕ್ ಕಾಣುತ್ತದೆ, ಅದನ್ನು ಒತ್ತಿ. ಒಂದು ಪುಟ ತಾನಾಗಿ ತೆರೆದುಕೊಳ್ಳಬೇಕು. ತೆರೆಯದಿದ್ದರೆ ಮುಂದಿನ ಸೀಟಿನ ಜೇಬಿನಲ್ಲಿರುವ ಕಾರ್ಡಿನಲ್ಲಿ ವಿಳಾಸ ಇರುತ್ತದೆ, ಬ್ರೌಸರಿನಲ್ಲಿ ಅದನ್ನು ಟೈಪ್ ಮಾಡಿ. ನೆಟ್ ಸಂಪರ್ಕವನ್ನು ಮರೆಮಾಡುವ ವಿಪಿಎನ್ ಆ್ಯಪ್ ಹಾಕಿಕೊಂಡಿದ್ದರೆ ಆ ಪುಟ ಬಾರದೆ ಇರಬಹುದು, ಮೊದಲು ಅದನ್ನು ಆಫ್ ಮಾಡಿ. ಏರ್ ಇಂಡಿಯಾದಲ್ಲಿ ಪಿಎನ್‌ಆರ್ ನಂಬರ್ ಮತ್ತು ಕೊನೆಯ ಹೆಸರು ಕೇಳುತ್ತದೆ. ಇಲ್ಲಿ ನಮ್ಮ ಕಡೆಯವರಿಗೆ ಗೊಂದಲ ಆಗುತ್ತದೆ. ಮನೆಯಲ್ಲಿ ಕರೆಯುವ ಹೆಸರು ಒಂದು, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದು ಇನ್ನೊಂದು. ಟಿಕೆಟಿನಲ್ಲಿ ಕೊನೆಯ ಹೆಸರು ಅಂತ ಯಾವುದಿದೆಯೋ ಅದನ್ನೇ, ಅದೇ ಅಕ್ಷರಗಳಲ್ಲಿ ಹಾಕಬೇಕು.

ಸಿಕ್ಕಿದ ನೆಟ್ ನಿಧಾನ ಅನಿಸಬಹುದು. ಹೆಚ್ಚಿನ ಹಳೆಯ ವ್ಯವಸ್ಥೆಗಳಲ್ಲಿ ವಿಮಾನದ ಬೆನ್ನ ಮೇಲಿರುವ ಆಂಟೆನಾ ಭೂಮಿಯಿಂದ ಸುಮಾರು 35,786 ಕಿ.ಮೀ. ಮೇಲಿರುವ ಉಪಗ್ರಹದ ಜೊತೆ ಮಾತಾಡುತ್ತದೆ. ನೀವು ಕಳಿಸಿದ ಒಂದು 'ಹಾಂ' ಕೂಡ ಅಷ್ಟು ದೂರ ಹೋಗಿ, ಅಲ್ಲಿಂದ ನೆಲಕ್ಕೆ ಇಳಿದು, ಉತ್ತರ ಅದೇ ದಾರಿಯಲ್ಲಿ ವಾಪಸು ಬರಬೇಕು. ಅದಕ್ಕೇ ಅರ್ಧ ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆ. ಅದರ ಮೇಲೆ ಇಡೀ ವಿಮಾನದವರು ಅದೇ ಒಂದು ಸಂಪರ್ಕವನ್ನು ಹಂಚಿಕೊಂಡಿರುತ್ತಾರೆ. ಸ್ಟಾರ್‌ಲಿಂಕ್ ಅನ್ನುವ ಹೊಸ ಉಪಗ್ರಹ ಇಂಟರ್ನೆಟ್ಟಿನ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲೇ ಇರುವುದರಿಂದ ಅದು ಚುರುಕು. ಕತಾರ್ ಏರ್‌ವೇಸ್ 2024ರ ಅಕ್ಟೋಬರಿನಿಂದ ತನ್ನ ಬೋಯಿಂಗ್ 777 ವಿಮಾನಗಳಿಗೆ ಅದನ್ನು ಹಾಕತೊಡಗಿತು. ಉಳಿದ ಕಡೆ ಬರಹದ ಮೆಸೇಜ್ ಸಲೀಸಾಗಿ ಹೋಗುತ್ತದೆ, ಫೋಟೋ ನಿಧಾನ, ವಿಡಿಯೋ ಬೇಡವೇ ಬೇಡ.

ಹಣ ಕೊಟ್ಟ ಪ್ಯಾಕ್ ಆದರೆ ಹಿಂದಿನ ಬಾಗಿಲಿನಿಂದ ಡೇಟಾ ಸೋರಿ ಹೋಗುವುದನ್ನು ಮೊದಲು ನಿಲ್ಲಿಸಿ. ಫ್ಯಾಮಿಲಿ ಗ್ರೂಪಿನ ಶುಭೋದಯದ ಚಿತ್ರಗಳು, ಮದುವೆ ಮನೆಯ ವಿಡಿಯೋಗಳು ತಾವಾಗಿಯೇ ಇಳಿಯುತ್ತಿರುತ್ತವೆ. ಗ್ಯಾಲರಿಯ ಫೋಟೋಗಳು ತಾವಾಗಿಯೇ ಮೇಲೇರುತ್ತಿರುತ್ತವೆ. ವಾಟ್ಸಾಪಿನ ಸೆಟ್ಟಿಂಗಿನಲ್ಲಿ ಆಟೋ ಡೌನ್‌ಲೋಡ್ ತೆಗೆಯಿರಿ, ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್ ನಿಲ್ಲಿಸಿ. ಇದನ್ನು ಮನೆಯಲ್ಲೇ ಮಾಡಿಟ್ಟರೆ ಇನ್ನೂ ಒಳ್ಳೆಯದು. ಬ್ಯಾಂಕಿನ ಕೆಲಸ ಅಲ್ಲಿ ಮಾಡಬೇಡಿ. ಪಕ್ಕದವರ ಕಣ್ಣಿಗೂ ನಿಮ್ಮ ಸ್ಕ್ರೀನಿಗೂ ನಡುವೆ ಒಂದು ಗೇಣು ಜಾಗ ಅಷ್ಟೇ ಇರುವುದು.

ಇನ್ನೊಂದು ಅಪಾಯ ಹೇಳಿಬಿಡುತ್ತೇನೆ. ಕೆಲವು ದೂರದ ವಿಮಾನಗಳಲ್ಲಿ ವೈಫೈ ಅಲ್ಲದೆ ಮೊಬೈಲ್ ನೆಟ್‌ವರ್ಕೇ ಇರುತ್ತದೆ, ವಿಮಾನದೊಳಗೇ ಒಂದು ಪುಟ್ಟ ಟವರ್ ಇದ್ದ ಹಾಗೆ. ಎಮಿರೇಟ್ಸ್ 2008ರ ಮಾರ್ಚ್‌ನಲ್ಲೇ ಇದನ್ನು ಶುರು ಮಾಡಿತ್ತು. ಫ್ಲೈಟ್ ಮೋಡ್ ಹಾಕದೆ, ಡೇಟಾ ರೋಮಿಂಗ್ ಆನ್ ಇಟ್ಟು ಮಲಗಿದರೆ ನಿಮ್ಮ ಫೋನು ಅದಕ್ಕೆ ಸೇರಿಕೊಳ್ಳಬಹುದು. ನನ್ನ ಚಿಕ್ಕಪ್ಪನ ಮಗನಿಗೆ ಹೀಗೇ ಆಯ್ತು. ರಾತ್ರಿಯಿಡೀ ನಿದ್ದೆ ಮಾಡಿದ್ದ, ಒಂದು ಕರೆಯೂ ಮಾಡಿರಲಿಲ್ಲ. ಬೆಳಿಗ್ಗೆ ಬಿಲ್ಲಿನ ಮೆಸೇಜ್ ನೋಡಿ ಕೈಕಾಲು ತಣ್ಣಗಾಯ್ತು. ಆಕಾಶಕ್ಕೇ ಬೇರೆ ಪ್ಯಾಕ್‌ಗಳಿವೆ. ಜಿಯೋ 2020ರಲ್ಲಿ 499 ರೂಪಾಯಿಯಿಂದ, ಏರ್‌ಟೆಲ್ 2024ರಲ್ಲಿ 195 ರೂಪಾಯಿಯಿಂದ ಅಂಥ ಪ್ಯಾಕ್ ಶುರು ಮಾಡಿದವು. ದುಬೈಗೆಂದು ಹಾಕಿಸಿದ ಮಾಮೂಲಿ ರೋಮಿಂಗ್ ಪ್ಯಾಕ್ ವಿಮಾನದೊಳಗೂ ನಡೆಯುತ್ತದೆ ಅಂತ ನಂಬಬೇಡಿ. ಹೊರಡುವ ಮೊದಲೇ ಕಸ್ಟಮರ್ ಕೇರ್‌ಗೆ ಕೇಳಿ ಖಚಿತ ಮಾಡಿಕೊಳ್ಳಿ.

ಪಕ್ಕದವರ ಕಿವಿ, ಪಕ್ಕದವರ ನಿದ್ದೆ

ಬಸ್ಸಿನಲ್ಲಿ ಸದ್ದು ತಡೆಯದಿದ್ದರೆ ಎದ್ದು ಹಿಂದಿನ ಸೀಟಿಗೆ ಹೋಗಬಹುದು. ವಿಮಾನದಲ್ಲಿ ಹೋಗಲು ಜಾಗ ಇಲ್ಲ. ಗಲ್ಫಿನ ರಾತ್ರಿ ವಿಮಾನದಲ್ಲಿ ಕೂತವರನ್ನು ಒಮ್ಮೆ ನೋಡಿ. ಎರಡು ವರ್ಷಕ್ಕೊಮ್ಮೆ ಊರಿಗೆ ಬಂದು, ಮಕ್ಕಳನ್ನು ಬಿಟ್ಟು ವಾಪಸು ಹೊರಟವರು. ಬೆಳಿಗ್ಗೆ ಇಳಿದು ನೇರವಾಗಿ ಡ್ಯೂಟಿಗೆ ಹೋಗುವವರು. ಅವರಿಗೆ ಆ ಮೂರು ಗಂಟೆಯ ನಿದ್ದೆ ಎಷ್ಟು ದೊಡ್ಡದು!

ಒಂದು ರಾತ್ರಿ ನನ್ನ ಮುಂದಿನ ಸಾಲಿನಲ್ಲಿ ಒಬ್ಬರು ಸ್ಪೀಕರಿನಲ್ಲಿ ಯಕ್ಷಗಾನ ಹಾಕಿಕೊಂಡಿದ್ದರು. ಚೆಂಡೆ ಪೆಟ್ಟು ಇಡೀ ವಿಮಾನಕ್ಕೆ ಕೇಳುತ್ತಿತ್ತು. ನನಗೂ ಯಕ್ಷಗಾನ ಅಂದರೆ ಜೀವ, ಆದರೆ ಪಕ್ಕದ ಕೂಸು ಬೆಚ್ಚಿ ಬೆಚ್ಚಿ ಏಳುತ್ತಿತ್ತು. ಆ ಕೂಸಿನ ತಾಯಿ ಮುಂದೆ ಬಾಗಿ ಮೆಲ್ಲಗೆ ಹೇಳಿದರು, "ಅಣ್ಣ, ಕೂಸು ಈಗಷ್ಟೇ ಮಲಗಿದ್ದು. ಒಂದು ಇಯರ್‌ಫೋನ್ ಹಾಕ್ತೀರಾ?" ಅವರು "ಅಯ್ಯೋ, ನನ್ನ ಹತ್ರ ಇಲ್ಲಲ್ಲಮ್ಮ" ಅಂದರು. ಆಕೆ ತನ್ನದನ್ನೇ ತೆಗೆದುಕೊಟ್ಟರು. ಅಷ್ಟೇ, ಗಲಾಟೆ ಇಲ್ಲ, ಸಿಬ್ಬಂದಿಯನ್ನು ಕರೆಯಲಿಲ್ಲ. ಕೇಳುವುದಾದರೆ ಹೀಗೆ ಕೇಳಬೇಕು. ಮೊದಲು ಕಾರಣ, ಆಮೇಲೆ ಕೋರಿಕೆ.

ನೆಟ್ ಇದ್ದರೂ ಮಾತಾಡುವ ಕರೆ ಮಾಡಬೇಡಿ. ಹೆಚ್ಚಿನ ಕಂಪನಿಗಳು ವಿಮಾನದ ವೈಫೈಯಲ್ಲಿ ಕರೆಗಳಿಗೆ ಬಿಡುವುದೇ ಇಲ್ಲ. ಎಂಜಿನ್ ಸದ್ದಿಗೆ ನಮ್ಮ ಸ್ವರ ನಮಗೇ ಗೊತ್ತಿಲ್ಲದೆ ಏರುತ್ತದೆ, ಆಸ್ತಿ ಪಾಲಿನ ಮಾತು ಐದು ಸಾಲಿಗೆ ಕೇಳುತ್ತದೆ. ರಾತ್ರಿ ದೀಪ ಆರಿಸಿದ ಮೇಲೆ ಸ್ಕ್ರೀನಿನ ಬೆಳಕು ಕಡಿಮೆ ಮಾಡಿ. ಮಕ್ಕಳ ಕೈಗೆ ಫೋನ್ ಕೊಟ್ಟರೆ ಆಟದ ಸದ್ದು ಮೊದಲು ತೆಗೆದು ಕೊಡಿ.

ಫೋಟೋ ವಿಷಯ. ಕಿಟಕಿಯಿಂದ ಆಚೆ ಮೋಡ, ಕಡಲು ತೆಗೆಯುವುದಕ್ಕೆ ಸಾಮಾನ್ಯವಾಗಿ ಯಾರ ಅಡ್ಡಿಯೂ ಇಲ್ಲ. ಮಲಗಿದವರನ್ನು, ಕೆಲಸದಲ್ಲಿರುವ ಗಗನಸಖಿಯರನ್ನು ಕೇಳದೆ ತೆಗೆಯಬೇಡಿ. ಕೇಳದೆ ವಿಡಿಯೋ ಮಾಡಿ ಸ್ಟೇಟಸ್ ಹಾಕುವುದು ಅವರ ಕೆಲಸಕ್ಕೆ ಮಾಡುವ ಅವಮಾನ. ಪುಣೆಯಂಥ ಊರಿನಲ್ಲಿ ವಿಮಾನ ನಿಲ್ದಾಣ ವಾಯುಪಡೆಯದ್ದು. ಅಲ್ಲಿ ಇಳಿಯುವಾಗ, ಹೊರಡುವಾಗ ಫೋನನ್ನು ಜೇಬಿನಲ್ಲಿ ಇಡಿ.

ಫೋನು ಕೈಜಾರಿ ಸೀಟಿನ ಸಂದಿಗೆ ಬಿದ್ದರೆ? ಸೀಟನ್ನು ಹಿಂದೆ ಮುಂದೆ ಮಾಡಲೇಬೇಡಿ. ಸೀಟಿನ ಕಬ್ಬಿಣಕ್ಕೆ ಸಿಕ್ಕಿ ಫೋನು ಜಜ್ಜಿದರೆ ಬ್ಯಾಟರಿಗೆ ಬೆಂಕಿ ಹತ್ತಬಹುದು. ಮೇಲಿನ ಬಟನ್ ಒತ್ತಿ ಸಿಬ್ಬಂದಿಯನ್ನು ಕರೆಯಿರಿ. ಫೋನು ತಡೆಯಲಾರದಷ್ಟು ಬಿಸಿಯಾದರೂ, ಉಬ್ಬಿದರೂ ಅಷ್ಟೇ, ಮುಚ್ಚಿಡಬೇಡಿ, ಕೂಡಲೇ ಹೇಳಿ. ಏನು ಮಾಡಬೇಕು ಅಂತ ಅವರಿಗೆ ತರಬೇತಿ ಕೊಟ್ಟಿರುತ್ತಾರೆ.

ಮಳೆಗಾಲದಲ್ಲಿ

ಜೂನ್, ಜುಲೈಯಲ್ಲಿ ಬಜ್ಪೆಗೆ ಬರುವವರು ಒಂದಕ್ಕೆ ಸಿದ್ಧವಾಗಿರಬೇಕು. ಮೋಡ ಕವಿದು ರನ್‌ವೇ ಕಾಣದಿದ್ದರೆ ವಿಮಾನ ಮೇಲೆ ಸುತ್ತು ಹೊಡೆಯುತ್ತದೆ, ಆಗಲೂ ಆಗದಿದ್ದರೆ ಬೆಂಗಳೂರಿಗೋ ಕೇರಳದ ಕಡೆಗೋ ತಿರುಗುತ್ತದೆ. ಬೇರೆ ಊರಿನಲ್ಲಿ ಇಳಿದ ವಿಮಾನದೊಳಗೆ ಎಲ್ಲರೂ ಒಮ್ಮೆಲೇ ಫೋನ್ ತೆಗೆದು ಜೋರಾಗಿ ಮಾತಾಡತೊಡಗುತ್ತಾರೆ. ಆ ಗದ್ದಲದಲ್ಲಿ ಪೈಲಟ್ ಹೇಳುವ ಮಾತೇ ಕೇಳುವುದಿಲ್ಲ. ಮತ್ತೆ ಯಾವಾಗ ಹೊರಡುತ್ತದೆ, ಇಳಿಯಬೇಕಾ, ಕೂತಿರಬೇಕಾ ಅನ್ನುವುದು ಅದರಲ್ಲೇ ಇರುತ್ತದೆ. ಮೊದಲು ಅದನ್ನು ಕೇಳಿ. ಫೋನ್ ಬಳಸಬಹುದು ಅಂದ ಮೇಲೆ ಮನೆಗೆ ಒಂದೇ ಮೆಸೇಜ್: "ಮಳೆಗೆ ಬೆಂಗಳೂರಲ್ಲಿ ಇಳಿಸಿದ್ದಾರೆ, ಕ್ಷೇಮ, ಮತ್ತೆ ಹೇಳ್ತೇನೆ." ಉಳಿದ ಚಾರ್ಜನ್ನು ಜೋಪಾನ ಮಾಡಿ. ಕಾಯುವ ಹೊತ್ತು ಎಷ್ಟು ಅಂತ ಹೇಳಲಾಗದು. ಪಕ್ಕದವರ ಫೋನ್ ಸತ್ತಿದ್ದರೆ ನಿಮ್ಮದನ್ನು ಎರಡು ನಿಮಿಷ ಕೊಡಿ.

ಇಳಿಯುವಾಗ

ವಿಮಾನ ಇಳಿಯತೊಡಗಿದ ಮೇಲೆ ಫೋನು ಜೇಬಿಗೆ, ಇಯರ್‌ಫೋನ್ ಚೀಲಕ್ಕೆ. ಬಜ್ಪೆಯ ರನ್‌ವೇ ಗುಡ್ಡದ ನೆತ್ತಿಯಲ್ಲಿದೆ. 2010ರ ಮೇ 22 ನಮ್ಮ ಜಿಲ್ಲೆಯಲ್ಲಿ ಯಾರಿಗೂ ಮರೆತುಹೋಗಿಲ್ಲ. ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಹೋದರು, ಬದುಕಿದವರು 8 ಜನ. ಅದಕ್ಕೂ ಫೋನಿಗೂ ಯಾವ ಸಂಬಂಧವೂ ಇಲ್ಲ. ಆದರೆ ಏನಾದರೂ ಆದರೆ ಹೊರಗೆ ಬರಲು ಸಿಗುವುದು ಸ್ವಲ್ಪವೇ ಹೊತ್ತು ಅನ್ನುವುದನ್ನು ನಾವು ಹತ್ತಿರದಿಂದ ಕಂಡವರು. ಸಿಬ್ಬಂದಿ ಕೂಗಿದ್ದು ಕಿವಿಗೆ ಬೀಳಬೇಕು, ಕೈ ಖಾಲಿ ಇರಬೇಕು. ತುರ್ತಾಗಿ ಇಳಿಯಿರಿ ಅಂದರೆ ಚೀಲ, ಲ್ಯಾಪ್‌ಟಾಪ್ ಅಲ್ಲೇ ಬಿಟ್ಟು ಇಳಿಯಬೇಕು. ವಿಡಿಯೋ ಮಾಡುತ್ತಾ ನಿಂತರೆ ಹಿಂದಿರುವವರ ದಾರಿ ಕಟ್ಟಿದ ಹಾಗೆ.

ಚಕ್ರ ನೆಲಕ್ಕೆ ತಾಗಿದ ಕೂಡಲೇ ಫೋನ್ ತೆಗೆಯುವ ಅವಸರ ಬೇಡ. ವಿಮಾನ ರನ್‌ವೇ ಬಿಟ್ಟು, ಫೋನ್ ಬಳಸಬಹುದು ಅಂತ ಸಿಬ್ಬಂದಿ ಹೇಳಿದ ಮೇಲೆ ಫ್ಲೈಟ್ ಮೋಡ್ ತೆಗೆಯಿರಿ. ಮೊದಲು ಮೆಸೇಜ್ ಹಾಕಿ, ಮಾತಾಡುವುದು ಹೊರಗೆ ಬಂದ ಮೇಲೆ. ಸಾಲಿನಲ್ಲಿ ನಿಂತು ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಮೇಲಿನ ಚೀಲ ಎಳೆಯುವಾಗ ಆ ಚೀಲ ಕೆಳಗೆ ಕೂತವರ ತಲೆಗೆ ಬಿದ್ದಿದ್ದನ್ನು ನಾನು ನೋಡಿದ್ದೇನೆ.

ಗಲ್ಫಿನಲ್ಲಿ ಇಳಿಯುವ ದೊಡ್ಡವರಿಗೆ ಇದನ್ನು ಮನೆಯಲ್ಲೇ ಎರಡು ಸಲ ಮಾಡಿಸಿ. ಮೇಲಿನಿಂದ ಬೆರಳು ಎಳೆಯಬೇಕು, ವಿಮಾನದ ಚಿತ್ರ ಬೆಳಗಿದ್ದರೆ ಇನ್ನೊಮ್ಮೆ ಒತ್ತಬೇಕು, ಬೆಳಕು ಹೋಗಬೇಕು. ಸಿಮ್ ರೋಮಿಂಗ್ ಹಾಕಿಸಿಲ್ಲದಿದ್ದರೆ ದುಬೈ ಏರ್‌ಪೋರ್ಟಿನ ಉಚಿತ ವೈಫೈಗೆ ಜೋಡಿಸುವುದನ್ನೂ ಕಲಿಸಿ. ಯುಎಇಯಲ್ಲಿ ವಾಟ್ಸಾಪ್ ಕರೆ ಸಾಮಾನ್ಯವಾಗಿ ಹೋಗುವುದಿಲ್ಲ, ಆದರೆ ಮೆಸೇಜ್ ಹೋಗುತ್ತದೆ, ಮೈಕ್ ಒತ್ತಿ ಹೇಳಿದ ಮಾತೂ ಹೋಗುತ್ತದೆ. ಟೈಪ್ ಮಾಡಲು ಬಾರದವರಿಗೆ ಅದೇ ಸುಲಭ.

ಅಮ್ಮ ಮೂರು ತಿಂಗಳ ನಂತರ ವಾಪಸು ಬಂದರು. ನಾನು ಬಜ್ಪೆಯಲ್ಲಿ ಹೊರಗೆ ನಿಂತಿದ್ದೆ. ವಿಮಾನ ಇಳಿದು ಹತ್ತು ನಿಮಿಷವೂ ಆಗಿರಲಿಲ್ಲ, ಫೋನು ಸಣ್ಣಗೆ ಸದ್ದು ಮಾಡಿತು. ಮೈಕ್ ಒತ್ತಿ ಕಳಿಸಿದ ಮಾತು: "ಇಳಿದೆ. ಚಿತ್ರ ತೆಗೆದೆ. ಲಗೇಜಿಗೆ ಕಾಯ್ತಾ ಇದ್ದೇನೆ, ನೀನು ಅಲ್ಲೇ ಇರು."